ನೂರಿಪ್ಪತ್ತೇಳನೇ ಹಲ್ಲು

ಲೇತಲ್ಲಿ ಆಗಷ್ಟೇ ಕೊರೆದ ಮಿಲಿಮೀಟರ್ ಸ್ಕ್ರೂ ಮೇಲೆ ಆರನೇ ಸುತ್ತಿಗೆ ನಟ್ಟು ಮತ್ತೆ ಕಚ್ಕೊಂಡ್ಬಿಡ್ತು. ಅಪ್ಪ ಸ್ಪ್ಯಾನರ್ ಹಾಕಿ, ಉಸಿರು ಬಿಗಿಹಿಡಿದು ತಿರುಗಿಸಿದ್ರು. ಊಹೂಂ.

"ಸಾಕು ಬಿಡಪ್ಪ," ಅಂದ ಅಣ್ಣ. "ಇದು ಇಂಚಿನ ಕಾಲದ ಲೇತು. ಈಗ ಬರೋ ಕೆಲಸ ಎಲ್ಲಾ ಮಿಲಿಮೀಟರು. ಶನಿವಾರ ಸಂಜೆ ಗುಜರಿಯವನು ಗಾಡಿ ತರ್ತಾನೆ."

ಅಪ್ಪ ಲೇತನ್ನ ಒರೆಸೋಕೆ ಶುರು ಮಾಡಿದ್ರು. ಮೂವತ್ತು ವರ್ಷ ಅವರ ಕೈಯಾಡಿ ಅದರ ಹಿಡಿ ಕನ್ನಡಿ ಆಗಿತ್ತು. ಮಗಳಿಗೆ ನೋಡೋಕಾಗ್ಲಿಲ್ಲ. ಸ್ಕ್ರೂ ಸುತ್ತುಗಳ ಅಳತೆ ಹಿಡಿಯೋ ಪಕ್ಕದ ಗೇರ್ ಚಕ್ರ ಬಿಚ್ಚಿ, ಸೀಮೆಸುಣ್ಣದಲ್ಲಿ ಗುರುತು ಹಾಕ್ತಾ ಹಲ್ಲು ಎಣಿಸಿದಳು.

"ಅಪ್ಪ, ನೂರಿಪ್ಪತ್ತಾರೇ ಇದೆ!"

"ಹಳೇದು ಮುರಿದಾಗ ನಾನೇ ಕೊರೆದಿದ್ದು. ನೂರಿಪ್ಪತ್ತೇಳು ಇರಬೇಕಿತ್ತು. ಒಂದು ಹಲ್ಲು ತಾನೆ?" ಅಪ್ಪ ಸಿಕ್ಕಿಬಿದ್ದೋರ ಹಾಗೆ ನಕ್ಕರು. "ನೂರಿಪ್ಪತ್ತಾರನ್ನ ಅರ್ಧ ಮಾಡು, ಮೂರು ಪಾಲು ಮಾಡು, ಏಳು ಮಾಡು, ಹೇಳಿದ ಹಾಗೆ ಕೇಳುತ್ತೆ. ಆ ಇನ್ನೊಂದು ಮಹಾ ಹಟಮಾರಿ. ಯಾವ ಪಾಲಿಗೂ ಬಗ್ಗಲ್ಲ."

"ಬಗ್ಗಲ್ಲ ಅಂತಾನೇ ಅದು ಬೇಕಾಗಿರೋದು! ಇಂಚು, ಮಿಲಿಮೀಟರು ಎಲ್ಲೆಲ್ಲಿ ಸರಿಯಾಗಿ ಸೇರುತ್ತೋ ಅಲ್ಲೆಲ್ಲಾ ಇದೇ ಕೂತಿರುತ್ತೆ. ಎರಡರಿಂದ ಒಡಿಯಲ್ಲ, ಮೂರರಿಂದ ಇಲ್ಲ, ಏಳು, ಹನ್ನೊಂದು, ಯಾವುದರಿಂದಲೂ ಇಲ್ಲ. ಬೇರೆ ಚಕ್ರ ಹಾಕಿ ಯಾಮಾರಿಸೋಕೇ ಆಗಲ್ಲ. ಎಷ್ಟು ಚೆಂದ ಅಲ್ವಾ?"

"ಚೆಂದ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ, ಲೆಕ್ಕದ ಹುಚ್ಚಿ?" ಅಂದ ಅಣ್ಣ. "ಚಕ್ರವನ್ನ ನೂರಿಪ್ಪತ್ತೇಳು ಸಮ ಭಾಗ ಮಾಡೋದು ಹೇಗೆ, ಅದನ್ನ ಹೇಳು."

ಅವಳು ಒಳಗೆ ಹೋಗಿ, ಪರದೆ ಹೊಲೀತಿದ್ದ ಅಮ್ಮನ ಮುಂದೆ ಎಲ್ಲಾ ಒದರಿದಳು.

"ಇಂಚು ಸೆಂಟಿಮೀಟರು ಸೇರೋ ಜಾಗಾನಾ?" ಅಮ್ಮ ಕೊರಳಲ್ಲಿದ್ದ ಅಳತೆ ಟೇಪು ತೆಗೆದ್ರು. "ಎರಡೂ ಮುಖ ನೋಡಿ ನೋಡಿ ನನ್ನ ಕಣ್ಣು ಹೋಯ್ತು. ಇಡೀ ಟೇಪಲ್ಲಿ ಪೂರ್ತಿ ಇಂಚಿನ ಗೆರೆಗೆ ಪೂರ್ತಿ ಸೆಂಟಿಮೀಟರಿನ ಗೆರೆ ಕೂಡೋದು ಒಂದೇ ಕಡೆ ಕಣೇ. ಐವತ್ತು ಇಂಚು."

ಮಗಳು ಟೇಪು ತಿರುಗಿಸಿದಳು. ನೂರಿಪ್ಪತ್ತೇಳು ಸೆಂಟಿಮೀಟರು. ನೂರಿಪ್ಪತ್ತೇಳು ಸಮ ಭಾಗ, ಯಾರೋ ಆಗಲೇ ಗೆರೆ ಎಳೆದು ಕೊಟ್ಟಿದ್ದಾರೆ!

"ಅಮ್ಮ, ಇದನ್ನ..."

ಅಮ್ಮ ಐವತ್ತನೇ ಇಂಚಿಗೆ ಕತ್ತರಿ ಆಡಿಸಿಯೇ ಬಿಟ್ಟರು. "ಹೋಗು, ಬಾಯಿ ಮುಚ್ಕೋ, ನೊಣ ಹೋದೀತು."

ಅಪ್ಪ ಲೇತಲ್ಲೇ ಒಂದು ದಪ್ಪ ಹಲಗೆಯನ್ನ ದುಂಡಗೆ ಮಾಡಿದ್ರು. ಒಂದೊಂದು ಎಳೆ ಕೆರೆದು ಟೇಪು ಸುತ್ತಿ ನೋಡೋರು, ಮತ್ತೆ ಕೆರೆಯೋರು. ಕೊನೆಗೆ ಟೇಪಿನ ತಲೆಯೂ ಬಾಲವೂ ಕೂದಲೆಳೆ ಸಂದಿಲ್ಲದೆ ಕೂಡಿದ್ವು. ಆ ಹಲಗೆಯನ್ನ ಇನ್ನೂ ಹಲ್ಲಿಲ್ಲದ ಹೊಸ ಚಕ್ರದ ಬೆನ್ನಿಗೆ ಬಿಗಿದು, ಒಂದೊಂದು ಸೆಂಟಿಮೀಟರ್ ಗೆರೆಗೂ ನಿಲ್ಲಿಸಿ ಒಂದೊಂದು ಹಲ್ಲು ಕೊರೆದ್ರು. ಗೇಲಿ ಮಾಡೋಕೆ ಬಂದ ಅಣ್ಣ ತಾನೇ ಗೆರೆ ಕೂಗೋಕೆ ನಿಂತ. ಶನಿವಾರ ಮಧ್ಯಾಹ್ನ "ನೂರಿಪ್ಪತ್ತೇಳು" ಅಂತ ಕೊನೇ ಗೆರೆ ಕೂಗಿದ. ಕೊನೇ ಹಲ್ಲಿಗೂ ಮೊದಲನೇದಕ್ಕೂ ನಡುವಿನ ಸಂದಿ, ಬೇರೆ ಎಲ್ಲಾ ಸಂದಿಯಷ್ಟೇ.

ಸಂಜೆ ಹೊತ್ತಿಗೆ ಆ ಚಕ್ರ ಹಾಕಿ ಹೊಸ ಸ್ಕ್ರೂ ಕೊರೆದದ್ದಾಯ್ತು. ಅಣ್ಣ ಸ್ಪ್ಯಾನರ್ ಮುಟ್ಟಲಿಲ್ಲ, ಬರಿ ಬೆರಳಲ್ಲೇ ನಟ್ಟು ಹಾಕಿದ. ಐದು. ಆರು. ಏಳು. ನಟ್ಟು ಆ ತುದಿ ಮುಟ್ಟಿತು.

ಹೊರಗೆ ಗುಜರಿ ಗಾಡಿ ಹಾರ್ನ್ ಹೊಡೀತು. ಅಮ್ಮ ಬಾಗಿಲಿಗೆ ಬಂದ್ರು, ಕೊರಳಲ್ಲಿ ಉಳಿದ ಒಂದು ಗೇಣು ಟೇಪಿನ ತುಂಡು ಪಿನ್ನಿಂದ ನೇತಾಡ್ತಿತ್ತು. ಇನ್ನೊಂದು ಹಾರ್ನ್. ಅಣ್ಣ ತಲೆ ಎತ್ತಲಿಲ್ಲ, ನಟ್ಟನ್ನ ಬಿಚ್ಚಿ ಮತ್ತೆ ಮೊದಲಿಂದ ತಿರುಗಿಸ್ತಿದ್ದ.