ಒಂದೇ ಕಡೆ ದಪ್ಪ

ಅವಳು ಕಾರ್ಖಾನೆಯಲ್ಲಿ ಉಕ್ಕು ಕಡೆಯುವ ಲೇತ್ ಮಿಷನ್ನಿನ ಕೆಲಸ ಬಿಟ್ಟು ಆರು ವರ್ಷವಾಗಿತ್ತು. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಒಂದು ತಿಂಗಳ ರಜೆ ಬರೆದುಕೊಟ್ಟು ಬಂದವಳು ಮನೆಯಲ್ಲೇ ಉಳಿದಳು. ಅಷ್ಟರಲ್ಲಿ ಆ ಕಾರ್ಖಾನೆಯೂ ಬಾಗಿಲು ಹಾಕಿತು. ಈಗ ಅತ್ತೆ ಊರುಗೋಲು ಹಿಡಿದು ಮನೆ ತುಂಬ ಓಡಾಡುತ್ತಿದ್ದರು. ಸೊಸೆಯ ಅಡುಗೆಯಲ್ಲೂ ಮೂಗು ತೂರಿಸುವಷ್ಟು ಚೇತರಿಸಿಕೊಂಡಿದ್ದರು.

ಒಂದು ಬೆಳಿಗ್ಗೆ ಪೇಪರನ್ನು ಅವಳ ಮುಂದೆ ತಳ್ಳಿ, "ಲೇತ್ ಕೆಲಸಕ್ಕೆ ನುರಿತವರು ಬೇಕಂತೆ. ಹೋಗಿ ಬಾ," ಎಂದರು.

"ಇವತ್ತೇನಾ ಅತ್ತೆ?"

"ಮತ್ತೆ? ನಾನು ಇನ್ನೊಂದ್ಸಲ ಬೀಳೋವರೆಗೂ ಕಾಯ್ತೀಯಾ?"

ಗಡ್ಡ ಹೆರೆದುಕೊಳ್ಳುತ್ತಿದ್ದ ಗಂಡ ನಗಲು ಹೋಗಿ ಕೆನ್ನೆ ಕೊಯ್ದುಕೊಂಡ.

ಅದು ನೀರಿನ ಪಂಪುಗಳಿಗೆ ಬಿಡಿಭಾಗ ಮಾಡುವ ವರ್ಕ್‌ಶಾಪು. ಒಳಗೆ ಕಾಲಿಟ್ಟೊಡನೆ ಕಾದ ಎಣ್ಣೆಯ ವಾಸನೆ ಮೂಗಿಗೆ ಬಡಿದು, ಅವಳಿಗೆ ತವರಿಗೆ ಬಂದಂತಾಯಿತು. ಫೋರ್‌ಮನ್ ಅವಳ ಹಳೆಯ ಸರ್ಟಿಫಿಕೇಟುಗಳನ್ನು ತಿರುವಿ ಹಾಕಿ ನಿಟ್ಟುಸಿರು ಬಿಟ್ಟ.

"ಹೋದ ವಾರದಿಂದ ಮೂರು ಜನ ಬಂದು ಹೋದ್ರಮ್ಮ. ಮೂರೂ ಪೀಸು ಅಳತೆ ತಪ್ಪಿವೆ. ನೀವು ಬೇರೆ ಆರು ವರ್ಷ ಬಿಟ್ಟವ್ರು."

"ಒಂದು ಪೀಸು ಮಾಡಿ ತೋರಿಸ್ತೀನಿ ಸರ್. ಆಮೇಲೆ ನೀವೇ ಹೇಳಿ."

ಅವನು ನಕ್ಷೆಯನ್ನೂ ಗೇಣುದ್ದದ ಉಕ್ಕಿನ ಸರಳನ್ನೂ ಕೈಗಿಟ್ಟ. ಸರಳು ಉದ್ದಕ್ಕೂ ಒಂದೇ ದಪ್ಪವಿರಬೇಕು, ಕೂದಲೆಳೆಯ ಅರ್ಧದಷ್ಟೂ ವ್ಯತ್ಯಾಸ ಕೂಡದು. ಒಂದು ಗಂಟೆ ಸಮಯ.

ಅವಳು ಸರಳನ್ನು ಮಿಷನ್ನಿಗೆ ಕಟ್ಟಿದಳು. ಮಿಷನ್ ತಿರುಗತೊಡಗಿತು. ತೆಳುವಾಗಿ ಒಂದು ಸಲ ಸವರಿ, ಮೈಕ್ರೋಮೀಟರಿನಿಂದ ಎರಡೂ ತುದಿ ಅಳೆದಳು. ಬಲತುದಿ ದಪ್ಪ. ಮತ್ತೊಮ್ಮೆ ಸವರಿದರೂ ಅಷ್ಟೇ. ಬಲತುದಿಗೆ ಆಸರೆಯಾಗಿರುವ ಟೇಲ್‌ಸ್ಟಾಕ್ ಎಳ್ಳಷ್ಟು ಹಿಂದಕ್ಕೆ ಸರಿದಿದೆ ಎಂದು ಅವಳಿಗೆ ಗೊತ್ತಾಯಿತು. ಮಿಷನ್ ನಿಲ್ಲಿಸಿ ಸ್ಪ್ಯಾನರ್ ಕೈಗೆತ್ತಿಕೊಂಡಳು.

ಫೋರ್‌ಮನ್ ದಾಪುಗಾಲು ಹಾಕಿ ಬಂದ. "ಏನಮ್ಮ ಇದು? ಪೀಸು ಮಾಡಿ ಅಂದ್ರೆ ಮಿಷನ್ನೇ ಬಿಚ್ತಾ ಇದ್ದೀರಲ್ಲ."

"ಬಿಚ್ತಾ ಇಲ್ಲ ಸರ್, ಸರಿ ಮಾಡ್ತಾ ಇದ್ದೀನಿ."

ಅವನು ಗಡಿಯಾರ ನೋಡಿಕೊಂಡ, ಆದರೆ ತಡೆಯಲಿಲ್ಲ. ಅರ್ಧ ಗಂಟೆ ಅದಕ್ಕೇ ಹೋಯಿತು. ಉಳಿದ ಸಮಯದಲ್ಲಿ ಉಕ್ಕಿನ ಸಿಪ್ಪೆ ನೀಲಿ ಸುರುಳಿಯಾಗಿ ಬಿಡಿಸಿಕೊಂಡು ಬಂತು. ಫೋರ್‌ಮನ್ ಸರಳನ್ನು ಐದು ಕಡೆ ಅಳೆದ. ಐದೂ ಕಡೆ ಒಂದೇ.

"ಸೋಮವಾರದಿಂದ ಬನ್ನಿ," ಎಂದ.

ಅವಳ ಕಣ್ಣು ಮೇಜಿನ ಮೇಲಿದ್ದ, ಹಿಂದೆ ಬಂದವರು ಮಾಡಿಹೋದ ಮೂರು ಸರಳುಗಳ ಮೇಲೆ ಬಿತ್ತು. ಬಾಯಿ ಮುಚ್ಚಿಕೊಂಡು ಹೊರಟುಬಿಡಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಒಂದೊಂದನ್ನೇ ಅಳೆದು ನೋಡಿದಳು.

"ಸರ್, ಮೂರೂ ಒಂದೇ ಕಡೆ ದಪ್ಪ ಇವೆ. ತಪ್ಪು ಆ ಕೈಗಳದ್ದಲ್ಲ, ಮಿಷನ್ನಿಂದು. ಅವ್ರನ್ನೂ ಮತ್ತೆ ಕರೀಬೇಕು."

"ಇರೋದು ಒಂದೇ ಜಾಗ. ಅವ್ರಲ್ಲಿ ಯಾರಾದ್ರೂ ನಿಮಗಿಂತ ಚೆನ್ನಾಗಿ ಮಾಡಿದ್ರೆ?"

"ಮಾಡಿದ್ರೆ ಅವ್ರಿಗೇ ಕೊಡಿ," ಎಂದಳು.

ಫೋರ್‌ಮನ್ ಒಂದು ಸರಳನ್ನು ಕೈಗೆತ್ತಿಕೊಂಡ. "ಮಿಷನ್ ಕೆಟ್ಟಿದೆ ಅಂತ ಅವ್ರು ಯಾಕೆ ಬಾಯಿ ಬಿಡ್ಲಿಲ್ಲ?"

"ಪರೀಕ್ಷೆಗೆ ಬಂದವ್ರಿಗೆ ಅಷ್ಟು ಧೈರ್ಯ ಎಲ್ಲಿರತ್ತೆ ಸರ್?"

"ನಿಮಗೆಲ್ಲಿಂದ ಬಂತು?"

"ಆರು ವರ್ಷ ನಮ್ಮತ್ತೆ ಜೊತೆ ಇದ್ದೆ."

ಫೋರ್‌ಮನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳ ಕೆಲಸಕ್ಕೆ ಕುತ್ತು ಬರಲಿಲ್ಲ. ಮೂವರಿಗೂ ಅವತ್ತೇ ಫೋನು ಹೋಯಿತು. ಇಬ್ಬರಿಗೆ ಬೇರೆ ಕಡೆ ಕೆಲಸ ಸಿಕ್ಕಾಗಿತ್ತು. ಮೂರನೆಯವನು ಬಂದ. ಅವನ ಸರಳು ಚೊಕ್ಕವಾಗಿ ಬಂದಿದ್ದರಿಂದ ಫೋರ್‌ಮನ್ ಮಾಲೀಕರ ಹಿಂದೆ ಬಿದ್ದು ಎರಡನೇ ಪಾಳಿಗೆ ಇನ್ನೊಂದು ಜಾಗ ಗಿಟ್ಟಿಸಿದ.

ಸೋಮವಾರ ಮಧ್ಯಾಹ್ನ ಪಾಳಿ ಬದಲಾಗುವಾಗ ಆ ಮೂರನೆಯವನು ಮಿಷನ್ ಪಕ್ಕ ಬಂದು ನಿಂತ. ಫೋರ್‌ಮನ್ ಎಲ್ಲ ಹೇಳಿಬಿಟ್ಟಿದ್ದನೆಂದು ಕಾಣುತ್ತದೆ. ಅವನು ಟೋಪಿಯನ್ನು ಸರಿಮಾಡಿಕೊಂಡ.

"ಅಕ್ಕಾ, ಮಿಷನ್ ಹೇಗಿದೆ?"

"ಚೆನ್ನಾಗಿದೆ. ಆದ್ರೂ ನೀವೊಂದ್ಸಲ ನೋಡ್ಕೊಂಡೇ ಶುರು ಮಾಡಿ," ಎಂದು ಅವಳು ಜಾಗ ಬಿಟ್ಟುಕೊಟ್ಟು, ಕೈಯ ಎಣ್ಣೆ ಒರೆಸಿಕೊಳ್ಳುತ್ತ ನಲ್ಲಿಯ ಕಡೆ ಹೋದಳು.