ಪೆಟ್ಟಿಗೆಯೊಳಗೆ ಮಗಳ ಕೂಗು

"ಹೆರೋಳು ನಿನ್ನ ಮಗಳಾ, ನೀನಾ? ನಿನಗ್ಯಾಕೆ ಬೇನೆ? ಹಿಡಿಯೇ ತುದೀನ, ಮುಂಡೇದೆ!"

ಸೀಟಿ ಹೀಗೆ ಕೂಗಿದ್ದು ಎಲ್ಲರಿಗೂ ಕೇಳಲಿ ಎಂದೇ. ಅವನು ನಮ್ಮ ಲಾಂಡ್ರಿಯ ಸೂಪರ್‌ವೈಸರ್. ಮೆಷಿನ್ನುಗಳ ಸದ್ದಿನಲ್ಲಿ ಮಾತು ಕೇಳಿಸದೆಂದು ಕತ್ತಿಗೆ ಸೀಟಿ ಕಟ್ಟಿಕೊಂಡು ಓಡಾಡುತ್ತಾನೆ. ಅಪ್ಪ ಅಮ್ಮ ಇಟ್ಟ ಹೆಸರು ಇಲ್ಲಿ ಯಾರಿಗೂ ಬೇಕಾಗಿಲ್ಲ.

ನಾನು ಒದ್ದೆ ಬಟ್ಟೆಯ ತುದಿ ಹಿಡಿದೆ. ಇನ್ನೊಂದು ತುದಿಯಲ್ಲಿ ನನ್ನ ಜೋಡಿ, ನಮ್ಮೆಲ್ಲರಿಗಿಂತ ಎತ್ತರದ ಉದ್ದಕ್ಕ. ಇಬ್ಬರೂ ಒಟ್ಟಿಗೆ ಕೊಡವಿ, ಸುಕ್ಕು ಬಿಡಿಸಿ, ಕಾದ ರೋಲರಿನ ಬಾಯಿಗೆ ಕೊಡಬೇಕು. ಒಬ್ಬಳು ತಡ ಮಾಡಿದರೆ ಇನ್ನೊಬ್ಬಳ ಬೆರಳು ಸುಡುತ್ತದೆ. ಬಾಯಿ ಬಿಟ್ಟರೆ ಬೈಗುಳ ಖಚಿತ, ಹಾಗಾಗಿ ನಾವು ಬಟ್ಟೆಯಲ್ಲೇ ಮಾತಾಡಿಕೊಳ್ಳುತ್ತೇವೆ. ಒಂದು ಸಲ ಜಗ್ಗಿದರೆ ಬಿಡು ಎಂದು. ಎರಡು ಸಲ ಜಗ್ಗಿದರೆ ಸೀಟಿ ಬಂದ, ಹುಷಾರು ಎಂದು.

ಬಾಗಿಲ ಬಳಿ ಒಂದು ತಗಡಿನ ಪೆಟ್ಟಿಗೆ ಇದೆ. ಬೆಳಿಗ್ಗೆ ಒಳಗೆ ಬಂದಕೂಡಲೇ ನಮ್ಮೆಲ್ಲರ ಫೋನು ಅದರೊಳಗೆ, ಬೀಗದ ಕೈ ಸೀಟಿಯ ಸೊಂಟದಲ್ಲಿ. ಚಹಾದ ಬಿಡುವಿನಲ್ಲಿ ಮಾತ್ರ ತೆಗೆಯುತ್ತಾನೆ. ಅಷ್ಟು ಫೋನುಗಳ ನಡುವೆಯೂ ಗೊತ್ತಾಗಲೆಂದು ಮಗಳು ತನ್ನ ದನಿಯನ್ನೇ ನನ್ನ ಫೋನಿನ ರಿಂಗಿಗೆ ಹಾಕಿಕೊಟ್ಟಿದ್ದಳು. ಅವಳ ನಂಬರಿನಿಂದ ಯಾರೇ ಕರೆದರೂ ಕೂಗುವುದು ಅವಳೇ: "ಅಮ್ಮಾ, ಫೋನೆತ್ತೇ! ಅಮ್ಮಾ, ಫೋನೆತ್ತೇ!" ಕೊನೆಯಲ್ಲಿ ತಡೆಯಲಾಗದೆ ಕಿಸಕ್ಕೆಂದು ನಕ್ಕದ್ದೂ ಅದರಲ್ಲೇ ಸೇರಿಹೋಗಿದೆ. ಆ ದಿನ ಬೆಳಿಗ್ಗೆಯಿಂದ ಮೆಷಿನ್ನು ನಿಂತಾಗಲೆಲ್ಲ ಆ ಪೆಟ್ಟಿಗೆಯ ಕೂಗು ಕೇಳುತ್ತಲೇ ಇತ್ತು. ಹೆರಿಗೆಗೆ ಆಸ್ಪತ್ರೆ ಸೇರಿದ್ದ ಮಗಳ ಹತ್ತಿರ ಹೋಗಲಾ ಎಂದು ಕೇಳಿದ್ದಕ್ಕೇ ಆ ಬೈಗುಳ.

ಚಹಾಕ್ಕೆ ಬಿಟ್ಟಾಗ ಫೋನು ಕಿತ್ತುಕೊಂಡೆ. ಆ ಕಡೆ ಅಳಿಯ.

"ಅತ್ತೆ, ಮಗು ಅಡ್ಡ ತಿರುಗಿದೆಯಂತೆ. ಕೊಯ್ದೇ ತೆಗೀಬೇಕಂತೆ. ಆದ್ರೆ ಆಪರೇಷನ್ ರೂಮಿಗೆ ಹಾಸೋ ಬಟ್ಟೆ ಖಾಲಿ ಆಗಿದೆಯಂತೆ. ಲಾಂಡ್ರಿಯಿಂದ ಬರ್ಲಿ, ಕಾಯಿರಿ ಅಂತಾರೆ. ಅವಳು ಒಂದೇ ಸಮ ನಿಮ್ಮನ್ನೇ ಕೇಳ್ತಿದಾಳೆ."

ಲಾಂಡ್ರಿ ಎಂದರೆ ನಾವೇ. ಊರಿನ ಆ ಆಸ್ಪತ್ರೆಯ ಹಸಿರು ಬಟ್ಟೆಗಳೆಲ್ಲ ತೊಳೆದು ಬರುವುದು ನಮ್ಮ ಕೈಯಿಂದಲೇ. ಸೀಟಿ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಫೋನು ಕಸಿದು ಮತ್ತೆ ಪೆಟ್ಟಿಗೆಗೆ ಹಾಕಿದ.

"ನೋಡು, ನೀನು ಓಡಿಹೋದ್ರೆ ಬಟ್ಟೆ ಹೋಗಲ್ಲ. ಬಟ್ಟೆ ಹೋಗ್ದಿದ್ರೆ ಆಪರೇಷನ್ ಇಲ್ಲ. ಮಗಳು ಬದುಕ್ಬೇಕು ಅಂದ್ರೆ ಬೇಗ ಬೇಗ ಕೈ ಆಡ್ಸು."

ನಾನು ನಂಬಿದೆ. ಯಾವ ತಾಯಿ ನಂಬುವುದಿಲ್ಲ? ಅವಳ ಕೈ ಹಿಡಿದು ಕೂರುವುದಕ್ಕಿಂತ ಈ ಬಟ್ಟೆ ಒಣಗಿಸುವುದೇ ಹೆಚ್ಚು ಎಂದುಕೊಂಡೆ. ಅಷ್ಟು ಬೇಗ ನಾನು ಎಂದೂ ಕೆಲಸ ಮಾಡಿದವಳಲ್ಲ. ಎರಡು ಬೆರಳು ಸುಟ್ಟವು. ಉದ್ದಕ್ಕ ನನ್ನ ವೇಗಕ್ಕೆ ತನ್ನ ಕೈ ಸೇರಿಸಿದಳು. ಹಸಿರು ಗಂಟುಗಳು ಬಾಗಿಲಲ್ಲಿ ಸಾಲಾಗಿ ಕೂತವು.

ವ್ಯಾನು ಬಂತು. ಹಿಂದೆಯೇ ಮಾಲೀಕನ ಕಾರೂ ಬಂತು. ಇಳಿದವನೇ ಗಂಟುಗಳನ್ನು ಕಾಲಲ್ಲಿ ಸರಿಸಿದ.

"ಇದನ್ನ ಯಾಕ್ರೀ ಅಡ್ಡ ಇಟ್ಟಿದೀರಿ? ಹೋಟೆಲಿನ ಮೇಜುಬಟ್ಟೆ ಮೊದ್ಲು ತುಂಬ್ರಿ. ಸಂಜೆ ದೊಡ್ಡವರ ಊಟ ಇದೆ ಅಲ್ಲಿ. ಆಸ್ಪತ್ರೆ ಎಲ್ಲಿ ಓಡಿಹೋಗತ್ತೆ? ನಾಳೆ ಕಳ್ಸಿದ್ರಾಯ್ತು."

ನಾನು ಅವನಿಗೆ ಅಡ್ಡ ಹೋಗಿ ನಿಂತೆ.

"ಸಾರ್, ನನ್ನ ಮಗಳು ಅಲ್ಲೇ ಮಲಗಿದಾಳೆ. ಈ ಬಟ್ಟೆ ಹೋಗೋ ತನಕ ಕೊಯ್ಯಲ್ಲ ಅಂತಿದಾರೆ. ಕೈ ಮುಗೀತೀನಿ."

ಮಾಲೀಕ ಸೀಟಿಯ ಕಡೆ ನೋಡಿ ನಕ್ಕ. "ಇವ್ರಿಗೆಲ್ಲ ಆಪರೇಷನ್ ಬೇರೆ. ಇವ್ರ ಅಜ್ಜಿಯಂದಿರು ಕೆಲಸದ ಮಧ್ಯೆ ಹೆತ್ತು, ಸೆರಗು ಕೊಡವಿಕೊಂಡು ಮತ್ತೆ ಕೆಲಸಕ್ಕೆ ನಿಲ್ತಿದ್ರು. ನಮ್ಮನೆ ಹೆಂಗಸರ ಹಾಗೆ ನಾಜೂಕಾ? ತಾನಾಗೇ ಬರತ್ತೆ ಹೋಗು."

ಸೀಟಿಯೂ ನಕ್ಕ. ಬಿಳಿ ಮೇಜುಬಟ್ಟೆಗಳು ವ್ಯಾನು ಸೇರಿದವು. ನಾನು ಡ್ರೈವರಣ್ಣನ ಮುಖ ನೋಡಿದೆ.

"ನನ್ನ ನೋಡ್ಬೇಡಮ್ಮ," ಎಂದ ಅವನು, ತಲೆ ತಗ್ಗಿಸಿ. "ತುಂಬಿದ್ದನ್ನ ಒಯ್ಯೋನು ನಾನು. ಏನು ತುಂಬಿದಾರೆ ಅಂತ ಕೇಳೋನಲ್ಲ."

ಆಗ ಪೆಟ್ಟಿಗೆ ಮತ್ತೆ ಕೂಗಿತು. "ಅಮ್ಮಾ, ಫೋನೆತ್ತೇ!"

ನನಗೆ ಏನಾಯಿತೋ, ವ್ಯಾನಿಗೆ ಹತ್ತಿ ಮೇಲಿನ ಮೇಜುಬಟ್ಟೆಯ ಗಂಟು ಹಿಡಿದೆ. ಭಾರಕ್ಕೆ ಅಲುಗಲಿಲ್ಲ. ಇನ್ನೊಂದು ತುದಿ ತಾನಾಗೇ ಮೇಲೆದ್ದಿತು. ನೋಡಿದರೆ ಉದ್ದಕ್ಕ. ಅವಳು ಎರಡು ಸಲ ಜಗ್ಗಿದಳು: ಸೀಟಿ ಬಂದ, ಹುಷಾರು. ನಾನು ಒಂದೇ ಸಲ ಜಗ್ಗಿದೆ. ಇಬ್ಬರೂ ಒಟ್ಟಿಗೆ ಬಿಟ್ಟೆವು. ಗಂಟು ಹೋಗಿ ಅಂಗಳದ ಕೊಳಕು ನೀರಿಗೆ ಬಿತ್ತು.

ಸೀಟಿ ತನ್ನ ಸೀಟಿ ಊದುತ್ತಲೇ ಇದ್ದ. ಆ ಸದ್ದಿಗೆ ಒಳಗಿದ್ದ ಹೆಂಗಸರೆಲ್ಲ ಹೊರಗೆ ಬಂದರು. ಬಂದವರು ನೋಡುತ್ತ ನಿಲ್ಲಲಿಲ್ಲ. ದೊಡ್ಡವರ ಊಟದ ಬಟ್ಟೆ ಒಂದೊಂದೇ ಕೆಸರಿಗಿಳಿದು, ಹಸಿರು ಗಂಟುಗಳು ಮೇಲೇರಿದವು.

"ಬೇವರ್ಸಿಗಳಾ! ಒಬ್ಬರಿಗೂ ನಾಳೆಯಿಂದ ಕೆಲಸ ಇಲ್ಲ! ಪೊಲೀಸರನ್ನ ಕರೀತೀನಿ!" ಮಾಲೀಕ ಅರಚಿದ.

"ಕರೀರಿ ಸಾರ್," ಎಂದಳು ಉದ್ದಕ್ಕ. "ನಿಮ್ಮ ಫೋನು ನಿಮ್ಮ ಹತ್ರಾನೇ ಇದೆಯಲ್ಲ."

ನಾನು ಸೀಟಿಯ ಮುಂದೆ ಕೈ ಚಾಚಿದೆ. "ಬೀಗದ ಕೈ ಕೊಡೋ."

ಅವನು ಸೊಂಟ ಹಿಡಿದುಕೊಂಡು ಹಿಂದೆ ಸರಿದ. ಬೋಳಿಮಗನ ಹಿಂದೆ ಓಡಾಡಲು ನನಗೆ ಪುರಸೊತ್ತಿರಲಿಲ್ಲ. ಪೆಟ್ಟಿಗೆಯನ್ನೇ ಎತ್ತಿ ಕಂಕುಳಲ್ಲಿಟ್ಟು ವ್ಯಾನು ಹತ್ತಿದೆ. ಉದ್ದಕ್ಕನೂ ಹಿಂದೆಯೇ ಹತ್ತಿದಳು.

"ಏಯ್, ವ್ಯಾನ್ ತೆಗೆದ್ರೆ ಹುಷಾರ್!" ಮಾಲೀಕ ಡ್ರೈವರಣ್ಣನ ಕಡೆ ಬೆರಳು ತೋರಿಸಿದ.

ಡ್ರೈವರಣ್ಣ ಹಿಂದೆ ತಿರುಗಿ ಒಮ್ಮೆ ನೋಡಿದ. "ತುಂಬಿದೆಯಲ್ಲ ಸಾರ್," ಎಂದ. ಗಾಡಿ ಹೊರಟಿತು.

ಗಂಟುಗಳ ನಡುವೆ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಅದು ಮತ್ತೆ ಕೂಗತೊಡಗಿತು. ಅಮ್ಮಾ, ಫೋನೆತ್ತೇ. ಅಮ್ಮಾ, ಫೋನೆತ್ತೇ. ಆಮೇಲೆ ಆ ನಗು. ಮತ್ತೆ ಮೊದಲಿನಿಂದ. ಕರೆಯುತ್ತಿರುವುದು ಅವಳೋ, ಅಳಿಯನೋ, ಆಸ್ಪತ್ರೆಯವರೋ. ತಗಡು ತೊಡೆಯ ಮೇಲೆ ಸಣ್ಣಗೆ ನಡುಗುತ್ತಿತ್ತು.

"ಬಂದೆ ಮಗಳೇ, ಬಟ್ಟೆ ತಂದೆ," ಎಂದು ನಾನು ಬೀಗಕ್ಕೆ ಬಾಯಿಟ್ಟು ಹೇಳಿದೆ.

ಉದ್ದಕ್ಕ ಸೀಟಿನಡಿ ಸಿಕ್ಕ ಜಾಕಿಯ ಸಲಾಕೆಯನ್ನು ಕೊಂಡಿಗೆ ಸಿಕ್ಕಿಸಿ ಮೀಟುತ್ತಿದ್ದಳು. ಕೊಂಡಿ ಬಾಗಿತು, ಕಿತ್ತು ಬರಲಿಲ್ಲ. ನಗು ಅರ್ಧಕ್ಕೆ ಬಂದಿತ್ತು, ಆ ಕಡೆಯವರು ಕರೆ ಬಿಟ್ಟರೇನೋ, ಅಲ್ಲೇ ನಿಂತುಹೋಯಿತು.

ಉದ್ದಕ್ಕ ನನ್ನ ಮುಖ ನೋಡಲಿಲ್ಲ. ಮೀಟುವುದನ್ನೂ ಬಿಡಲಿಲ್ಲ.