ನಲವತ್ತಮೂರು ಪದಗಳ ಒಡತಿ

ಮೂರನೇ ಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಒಂಬತ್ತು ಮಂದಿ ಒಂದು ಗ್ರಹಕ್ಕೆ ಮಾತು ಕಟ್ಟುತ್ತಿದ್ದರು. ಆ ಗ್ರಹ ಆಕಾಶದಲ್ಲಿರಲಿಲ್ಲ, ಧಾರಾವಾಹಿಯಲ್ಲಿತ್ತು. ಅಲ್ಲಿಯವರಿಗೆ ಮೂರು ಚಂದ್ರ, ನಾಲ್ಕು ಕೈ, ಮತ್ತು ಕಂಪನಿಯ ಅಪ್ಪಣೆಯಂತೆ ವಾರಕ್ಕೆ ಇನ್ನೂರು ಹೊಸ ಪದ. ಕಟ್ಟುವವರಿಗೆ ಇದ್ದದ್ದು ಎರಡೇ ಕೈ. ಫೋನನ್ನು ಬಾಗಿಲಲ್ಲೇ ಕಾವಲಿನವನ ಡಬ್ಬಕ್ಕೆ ಹಾಕಿ ಒಳಗೆ ಬಂದರೆ, ಆ ದಿನದ ಪಾಲು ಮುಗಿಯುವವರೆಗೆ ಹೊರಗೆ ಬಿಡುತ್ತಿರಲಿಲ್ಲ.

ಪ್ರತಿ ಪದಕ್ಕೂ ಒಂದು ಚೀಟಿ. ಚೀಟಿಯ ಕೆಳಗೆ ಮೊದಲೇ ಅಚ್ಚಾಗಿರುತ್ತಿದ್ದ ಸಾಲು ಇದು: ‘ಈ ಪದವನ್ನು ನಾನು ಹುಟ್ಟಿಸಿದೆ. ಲೋಕದಲ್ಲಿ ಬೇರೆ ಯಾರ ಬಾಯಲ್ಲೂ ಇದು ಇಲ್ಲ.’ ಅದರಡಿ ಪದ ಕಟ್ಟಿದವರ ಸಹಿ. ಪಕ್ಕದಲ್ಲಿ, ನಿಘಂಟುಗಳನ್ನೆಲ್ಲ ಜಾಲಾಡಿ ನೋಡಿದ ಸಾಕ್ಷಿಯ ಸಹಿ.

ಆ ಒಂಬತ್ತು ಮಂದಿಯಲ್ಲಿ ಒಬ್ಬಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವಳ ಚೀಟಿಗಳಿಗೆ ಸಾಕ್ಷಿ ಹಾಕುತ್ತಿದ್ದವರು, ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿ ಕಣ್ಣು ಸವೆಸಿಕೊಂಡಿದ್ದ ಹಿರಿಯರು. ಅವರಿಗೆ ಕರಡು ಮಾವ ಎಂದೇ ಹೆಸರು ಬಿದ್ದಿತ್ತು.

ಸಾವಿರದ ಮೇಲೆ ಪದ ಹುಟ್ಟಿಸಿದ ಮೇಲೆ ಒಂದು ಸಂಜೆ ಅಕ್ಕನಿಗೆ ಏನೂ ಹೊಳೆಯಲಿಲ್ಲ. ಹನ್ನೊಂದು ಪದ ಕಡಿಮೆ ಬಿದ್ದಿತ್ತು. ಬಾಗಿಲು ತೆರೆಯಬೇಕಾದರೆ ಹನ್ನೊಂದು ಚೀಟಿ ತುಂಬಬೇಕಿತ್ತು. ಅವಳು ಮನೆಯ ಮಾತಿನಿಂದ ಹನ್ನೊಂದು ತೆಗೆದುಕೊಟ್ಟಳು.

ಅವು ತಂಗಿಯವು. ತಂಗಿಗೆ ಇಪ್ಪತ್ತನಾಲ್ಕು ವರ್ಷ. ನಮ್ಮ ನಿಮ್ಮ ಮಾತು ಅವಳಿಗೆ ಹತ್ತಲಿಲ್ಲ. ತನಗೆ ಬೇಕಾದ ನಲವತ್ತಮೂರು ಪದಗಳನ್ನು ತಾನೇ ಮಾಡಿಕೊಂಡಿದ್ದಳು. ಬಾಗಿಲ ಬಳಿ ಯಾರೋ ನಿಂತಿದ್ದರೆ ‘ಬೊಂಕ’. ಅಂಗಿಯ ಕಾಲರಿನ ಚೀಟಿ ಕುತ್ತಿಗೆಗೆ ಚುಚ್ಚಿದರೆ ‘ಸಿಹುಲು’. ಮೂರ್ಛೆ ಬರುವ ಸೂಚನೆ ಸಿಕ್ಕರೆ ‘ಲುಮ್ಮಿ’. ಲುಮ್ಮಿ ಎಂದರೆ ಸಾಕು, ಅಮ್ಮ ಕೈಲಿದ್ದುದನ್ನು ಬಿಟ್ಟು ಓಡಿಬಂದು ಅವಳನ್ನು ನೆಲದ ಮೇಲೆ ಕೂರಿಸಿ ತಲೆಯ ಹಿಂದೆ ಕಂಬಳಿ ಇಡುತ್ತಿದ್ದಳು. ಆ ಒಂದು ಪದದ ಮೇಲೆ ಆ ಮನೆ ನಡೆಯುತ್ತಿತ್ತು.

ಕರಡು ಮಾವ ಏಳು ನಿಘಂಟು ತಿರುವಿ ಎಲ್ಲೂ ಕಾಣದೆ ಸಹಿ ಹಾಕಿದರು. ಬಡವರ ಮನೆಯ ಬಾಯಿಗೆ ನಿಘಂಟು ಎಲ್ಲಿರುತ್ತದೆ?

ಧಾರಾವಾಹಿಯವರು ಲುಮ್ಮಿಯನ್ನು ಗ್ರಹದ ಸೈನಿಕರ ವಂದನೆಯಾಗಿ ಮಾಡಿಕೊಂಡರು. ಎರಡು ತಿಂಗಳಲ್ಲಿ ಅದು ಬೀದಿಗೆ ಬಂತು. ಅಂಗಿಯ ಮೇಲೆ ಲುಮ್ಮಿ, ಬಸ್ಸಿನಲ್ಲಿ ಲುಮ್ಮಿ, ಮೂಲೆಯ ಆಟಿಕೆ ಅಂಗಡಿಯ ಸ್ಪೀಕರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಲುಮ್ಮಿ. ತಂಗಿ ಮೊದಮೊದಲು ಕೇಳಿದಾಗಲೆಲ್ಲ ನಿಂತಲ್ಲೇ ಕುಸಿದು ಕೂತಳು. ಮೆಟ್ಟಿಲ ಮೇಲೆ ಕೂತಳು, ಔಷಧಿ ಅಂಗಡಿಯ ಸಾಲಿನಲ್ಲಿ ಕೂತಳು. ಊರಿಗೆ ಊರೇ ಮೂರ್ಛೆ ಹೋಗುತ್ತಿದೆ ಎಂದುಕೊಂಡಳೋ ಏನೋ. ಆಮೇಲೆ ಕೂರುವುದನ್ನೂ ಬಿಟ್ಟಳು, ಹೇಳುವುದನ್ನೂ ಬಿಟ್ಟಳು. ಒಂದು ಸೋಮವಾರ ಏನೊಂದೂ ಹೇಳದೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದಳು. ಹುಬ್ಬಿಗೆ ಆರು ಹೊಲಿಗೆ.

ಮರುದಿನ ಅಕ್ಕ ವಿಭಾಗದ ಮೇಡಂ ಮುಂದೆ ನಿಂತಳು.

“ಒಂದು ಪದ ವಾಪಸ್ ಬೇಕಿತ್ತು ಮೇಡಂ.”

“ಯಾಕೆ, ಕೆಟ್ಟುಹೋಯ್ತಾ? ಅದೇನು ಹಾಲಾ?”

“ಲುಮ್ಮಿ ನಾನು ಹುಟ್ಟಿಸಿದ್ದಲ್ಲ. ನನ್ನ ತಂಗೀದು. ಆ ದಿನ ಕೊನೆಗೆ ಕೊಟ್ಟ ಹನ್ನೊಂದೂ ಅವಳವೇ.”

ಮೇಡಂ ಪೆನ್ನು ಕೆಳಗಿಟ್ಟರು. “ಚೀಟೀಲಿ ಸಹಿ ನಿಮ್ಮದೇ ತಾನೇ? ಅಂದ್ರೆ ಸುಳ್ಳು ಸಹಿ. ಸಾಕ್ಷಿ ಯಾರು, ಆ ಮುದುಕರಾ? ಅವರದ್ದೂ ಸುಳ್ಳು.”

“ಅವರಿಗೆ ಗೊತ್ತಿರಲಿಲ್ಲ.”

“ಗೊತ್ತಿಲ್ಲದೇ ಇರೋರನ್ನ ಸಾಕ್ಷಿ ಅಂತ ಕರೀತಾರಾ?” ಎಂದವರು ದನಿ ಮೆತ್ತಗೆ ಮಾಡಿದರು. “ಇರಲಿ. ನಿಮ್ಮ ತಂಗಿ ಆಡೋ ಪದ ಎಲ್ಲಾ ಬರೆದುಕೊಡಿ, ಅರ್ಥದ ಜೊತೆ. ಇವು ಅವರವೇ ಅಂತ ನಾವು ಪರಿಶೀಲಿಸಬೇಕಲ್ಲ.”

ನ್ಯಾಯ ಸಿಗುತ್ತದೆಂದು ನಂಬಿದವಳ ಶ್ರದ್ಧೆಯಿಂದ ಅಕ್ಕ ಕೂತು ಬರೆದಳು. ಒಂದನ್ನೂ ಬಿಡಲಿಲ್ಲ. ನಲವತ್ತಮೂರು.

ಮಧ್ಯಾಹ್ನ ಕರಡು ಮಾವ ಊಟದ ಡಬ್ಬಿ ಬಿಚ್ಚದೆ ಕೂತಿದ್ದರು. ಅವರ ಗುರುತಿನ ಕಾರ್ಡನ್ನು ಆಗಲೇ ಕಿತ್ತುಕೊಂಡಾಗಿತ್ತು.

“ಮಾವ, ನನ್ನಿಂದ ನಿಮಗೆ…”

“ಮೊದಲೇ ಹೇಳಿದ್ರೆ ಏಳು ನಿಘಂಟಿನ ಧೂಳು ಕುಡಿಯೋದು ತಪ್ತಿತ್ತು, ಅಷ್ಟೆ,” ಎಂದರು. ಆಮೇಲೆ ಕನ್ನಡಕ ತೆಗೆದು ಕೇಳಿದರು, “ಪಟ್ಟಿ ಬರೆದುಕೊಟ್ಯಾ?”

“ಕೊಟ್ಟೆ.”

“ಎಲ್ಲಾನೂ?”

“ನಲವತ್ತಮೂರೂ.” ಮಾವ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. “ಮನೆಗೆ ಬರ್ತಾರೆ. ಬಾಗಿಲು ಹಾಕ್ಕೊಂಡಿರು,” ಎಂದು ಹೋದರು.

ಬಾಗಿಲು ಹಾಕಿಕೊಳ್ಳಬೇಕಾದಂಥ ಒರಟರನ್ನು ಕಂಪನಿ ಕಳಿಸಲಿಲ್ಲ. ಗುರುವಾರ ಸಂಜೆ ಬಂದ ವಕೀಲ ಚಪ್ಪಲಿ ಹೊರಗೆ ಬಿಟ್ಟು, ಅಮ್ಮನಿಗೆ ಕೈಮುಗಿದು, ತಂಗಿಯ ಹುಬ್ಬಿನ ಪಟ್ಟಿ ನೋಡಿ ಲೊಚಗುಟ್ಟಿದ.

“ನೀವು ನಿಜ ಹೇಳಿದ್ದು ಒಳ್ಳೇದಾಯ್ತು,” ಎಂದ ಅಕ್ಕನಿಗೆ. “ಒಡತಿ ಯಾರು ಅಂತ ಈಗ ಗೊತ್ತಾಯ್ತು. ಅವರೊಂದು ಹೆಬ್ಬೆಟ್ಟು ಒತ್ತಿದ್ರೆ ನಿಮ್ಮ ಮೇಲಿನ ಸುಳ್ಳು ಸಹಿಯ ದೂರೂ ಇಲ್ಲ, ಆ ಹಿರಿಯರ ಮೇಲಿನದೂ ಇಲ್ಲ.”

ಅಕ್ಕ ಕಾಗದ ಓದಿದಳು. “ಇದರಲ್ಲಿ ನಲವತ್ತಮೂರೂ ಇವೆ.”

“ಮುಂದೆ ತಕರಾರು ಬೇಡ ಅಂತ.”

“ಕಂಪನಿ ಅನುಮತಿ ಇಲ್ಲದೆ ಬೇರೆ ಎಲ್ಲೂ ಬಳಸಬಾರದು ಅಂತಿದೆ. ಇವಳು ಮನೇಲಿ ಬಾಯಿ ಬಿಡೋಕೂ ನಿಮ್ಮನ್ನ ಕೇಳ್ಬೇಕಾ?”

“ಅಯ್ಯೋ, ಯಾರು ಬಂದು ಕೇಳಿಸ್ಕೊಳ್ತಾರೆ ಬಿಡಿ.”

“ಮತ್ತೆ ಬರೆದಿದ್ದು ಯಾಕೆ?”

“ಬರೀದೇ ಬಿಟ್ರೆ ಯಾರಾದ್ರೂ ಕೇಳ್ತಾರಲ್ಲ, ಯಾಕೆ ಬರೀಲಿಲ್ಲ ಅಂತ.”

ಅಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿದ್ದಳು. “ಒತ್ತಿಸಿಬಿಡೇ,” ಎಂದಳು. “ನಿನ್ನ ಕೆಲಸ ಹೋದ್ರೆ ಅವಳ ಮಾತ್ರೆ ಎಲ್ಲಿಂದ ತರೋಣ? ಆ ಪದ ಇಟ್ಕೊಂಡು ಏನು ಮಾಡ್ತೀಯ, ಅವಳೇ ಬಿಟ್ಟಾಯ್ತು.”

“ಅವಳು ಬಿಟ್ಟಿಲ್ಲಮ್ಮ. ಬಿಡಿಸಿದ್ದಾರೆ. ಬಿಡಿಸಿದ್ದು ನಾನು.”

“ನಿನ್ನ ಭಾಷಣ ಆಮೇಲೆ ಮಾಡು. ಅವರು ಕಾಯ್ತಿದ್ದಾರೆ.”

ವಕೀಲ ಇಂಕ್ ಪ್ಯಾಡಿನ ಮುಚ್ಚಳ ತೆಗೆದ. ತಂಗಿಯ ಮುಖ ಎಷ್ಟೋ ದಿನಗಳ ಮೇಲೆ ಅರಳಿತು. ಆಸ್ಪತ್ರೆಯಲ್ಲಿ, ಕಚೇರಿಗಳಲ್ಲಿ, ಚಿಕ್ಕಂದಿನಿಂದ ಎಲ್ಲರೂ ಅವಳಿಂದ ಕೇಳಿದ್ದು ಹೆಬ್ಬೆಟ್ಟೊಂದನ್ನೇ. ಕೊಟ್ಟಾಗಲೆಲ್ಲ ಜಾಣೆ ಎಂದು ತಲೆ ಸವರಿದ್ದರು. ಈ ನಾಡು ಅವಳಿಗೆ ಕಲಿಸಿದ್ದ ಒಂದೇ ಮರ್ಯಾದೆ ಅದು. ಯಾರೂ ಹೇಳುವ ಮೊದಲೇ ಅವಳು ಮಂಡಿಯೂರಿ ಕೂತು ಹೆಬ್ಬೆರಳನ್ನು ನೀಲಿಗೆ ಅದ್ದಿ, ಕಾಗದದತ್ತ ಚಾಚಿದಳು.

ಅಕ್ಕ ಅವಳ ಮಣಿಕಟ್ಟು ಹಿಡಿದುಕೊಂಡಳು.

ತಂಗಿ ನಕ್ಕು ಕೈ ಎಳೆದಳು. ಅಕ್ಕ ಬಿಡಲಿಲ್ಲ. ತಂಗಿ ಮತ್ತೆ ಎಳೆದಳು, ಈ ಸಲ ನಗಲಿಲ್ಲ. ಕಾಲು ಬಡಿದಳು, ಅಕ್ಕನ ಭುಜಕ್ಕೆ ಹಲ್ಲು ಹಾಕಿದಳು. ಅಕ್ಕ ಆ ಹೆಬ್ಬೆರಳನ್ನು ಒಳಕ್ಕೆ ಮಡಚಿ, ಮುಷ್ಟಿಯನ್ನು ಎರಡೂ ಕೈಗಳಿಂದ ಅಮುಕಿಕೊಂಡು ಗೋಡೆಗೆ ಬೆನ್ನು ಕೊಟ್ಟು ಕೂತಳು. ಬೆರಳುಗಳ ಸಂದಿನಿಂದ ನೀಲಿ ಜಿನುಗಿತು.

“ನೋಯ್ತಾ ಇದೆ ಕಣೇ ಅವಳಿಗೆ,” ಎಂದಳು ಅಮ್ಮ.

“ಗೊತ್ತು.”

ವಕೀಲ ಇಂಕ್ ಒಣಗದಿರಲೆಂದು ಪ್ಯಾಡಿನ ಮುಚ್ಚಳ ಹಾಕಿ ಕುರ್ಚಿ ಎಳೆದುಕೊಂಡ. “ನನಗೇನೂ ಅವಸರ ಇಲ್ಲ,” ಎಂದ.